ಅಣು ಕಟ್ಟುವ ಕೈಗೆ ನ್ಯಾನೋ ಲೋಕದ ಕೆಲಸ: ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಸಾವಯವ ಸಂಶ್ಲೇಷಣೆ (ಇಂಗಾಲದ ಅಣುಗಳನ್ನು ಕಟ್ಟುವುದು) ಮತ್ತು ನ್ಯಾನೋ ವಸ್ತುಗಳ (ಮೀಟರಿನ ನೂರು ಕೋಟಿಯಲ್ಲೊಂದು ಪಾಲಿನ ಲೆಕ್ಕದಲ್ಲಿ ಅಳೆಯುವ ಕಣಗಳ) ಸಂಶೋಧನೆಯ ಬಗ್ಗೆ ಕೊಡಗಿನಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿದ್ದೇವೆ. ಬರೆದವರ ಹೆಸರು ಬಿಟ್ಟು ಊರಿನ ಹೆಸರಷ್ಟೇ ಕೊಟ್ಟಿದ್ದೇವೆ.

ಮಡಿಕೇರಿಯಿಂದ ಬಿಎಸ್ಸಿ ಅಂತಿಮ ವರ್ಷದ ವಿದ್ಯಾರ್ಥಿನಿ: ನನಗೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಅಂದರೆ ಪ್ರಾಣ. ನ್ಯಾನೋ ಕಡೆಗೂ ಮನಸ್ಸು ಎಳೆಯುತ್ತದೆ. ಎರಡು ದೋಣಿಯಲ್ಲಿ ಕಾಲಿಡಬೇಡ ಎಂದು ಮನೆಯಲ್ಲಿ ಹೇಳುತ್ತಾರೆ. ಎರಡನ್ನೂ ಸೇರಿಸಿ ಸಂಶೋಧನೆ ಮಾಡುವ ದಾರಿ ನಿಜವಾಗಿ ಇದೆಯೇ?

ಇದೆ. ಅದು ಅಡ್ಡದಾರಿಯೂ ಅಲ್ಲ. ಚಿನ್ನದ ಕಣವಾಗಲಿ, ಕ್ವಾಂಟಮ್ ಡಾಟ್ (ಗಾತ್ರಕ್ಕೆ ತಕ್ಕಂತೆ ಬೇರೆ ಬಣ್ಣ ಹೊಳೆಯುವ ಅರೆವಾಹಕ ನ್ಯಾನೋ ಕಣ) ಆಗಲಿ, ನೀರಿನಲ್ಲಿ ಕರಗಿದಂತೆ ನಿಲ್ಲುವುದಕ್ಕೂ, ಒಂದಕ್ಕೊಂದು ಅಂಟಿ ಮುದ್ದೆಯಾಗದಿರುವುದಕ್ಕೂ, ಬೇಕಾದ ಜೀವಕೋಶವನ್ನು ಹುಡುಕಿ ಹಿಡಿಯುವುದಕ್ಕೂ ಅದರ ಮೈಮೇಲೆ ಕೂತಿರುವ ಸಾವಯವ ಅಣುವೇ ಕಾರಣ. ಆ ಅಣುವನ್ನು ಲಿಗ್ಯಾಂಡ್ ಎನ್ನುತ್ತೇವೆ. ಕಣ ಮಾಡಲು ಬರುವವರು ಬಹಳ ಜನ. ಕಣದ ಮೇಲೆ ಯಾವ ಅಣು ಇದೆ, ಎಷ್ಟಿದೆ, ಅದು ಎಷ್ಟು ಶುದ್ಧ ಎಂದು ಖಚಿತವಾಗಿ ಹೇಳಬಲ್ಲವರು ಕಡಿಮೆ. ಸಂಶ್ಲೇಷಣೆ ಕಲಿತವರಿಗೆ ನ್ಯಾನೋ ಪ್ರಯೋಗಾಲಯದಲ್ಲಿ ಬೆಲೆ ಬರುವುದು ಇಲ್ಲೇ.

ಕ್ವಾಂಟಮ್ ಡಾಟ್‌ಗಳನ್ನೇ ನೋಡಿ. ಅಮೆರಿಕದ ರಸಾಯನಶಾಸ್ತ್ರಜ್ಞ ಮೌಂಗಿ ಬವೆಂಡಿ ಮತ್ತು ಅವರ ತಂಡ 1993ರಲ್ಲಿ ಬಿಸಿ ದ್ರಾವಣಕ್ಕೆ ಪದಾರ್ಥವನ್ನು ಒಮ್ಮೆಲೇ ಚುಚ್ಚಿ ಒಂದೇ ಗಾತ್ರದ ಕ್ಯಾಡ್ಮಿಯಂ ಸೆಲೆನೈಡ್ ಕಣಗಳನ್ನು ಪಡೆಯುವ ವಿಧಾನ ಪ್ರಕಟಿಸಿದರು. 2023ರ ನೊಬೆಲ್‌ಗೆ ದಾರಿ ಮಾಡಿದ ಕೆಲಸ ಇದು. ಅದರಲ್ಲಿ ದ್ರಾವಕವಾಗಿ ಬಳಸಿದ್ದು ಟ್ರೈಆಕ್ಟೈಲ್‌ಫಾಸ್ಫೀನ್ ಆಕ್ಸೈಡ್. ಅಗ್ಗದ, 90 ಶೇಕಡಾ ಶುದ್ಧತೆಯ ಸರಕಿನಲ್ಲಿ ಕಣ ಚೆನ್ನಾಗಿ ಬರುತ್ತಿತ್ತು, 99 ಶೇಕಡಾ ಶುದ್ಧ ಸರಕು ಬಳಸಿದರೆ ಕೈಕೊಡುತ್ತಿತ್ತು. ಅಗ್ಗದ ಸರಕಿನೊಳಗೆ ಕಲ್ಮಶವಾಗಿ ಸೇರಿದ್ದ ಫಾಸ್ಫೋನಿಕ್ ಮತ್ತು ಫಾಸ್ಫಿನಿಕ್ ಆಮ್ಲಗಳು ಕ್ಯಾಡ್ಮಿಯಂಗೆ ಬಿಗಿಯಾಗಿ ಅಂಟಿಕೊಂಡು ಬೆಳವಣಿಗೆಯನ್ನು ಹತೋಟಿಯಲ್ಲಿಡುತ್ತಿದ್ದವು. ಈ ಕಲ್ಮಶಗಳನ್ನು ಒಂದೊಂದಾಗಿ ಗುರುತಿಸಲು ಬೇಕಾಯಿತು ರಂಜಕದ ಎನ್‌ಎಂಆರ್ (ಪರಮಾಣು ಬೀಜಗಳು ಕಾಂತಕ್ಷೇತ್ರದಲ್ಲಿ ಕೊಡುವ ಸಂಕೇತದಿಂದ ಅಣುವಿನ ರಚನೆ ತಿಳಿಸುವ ಉಪಕರಣ). ಅದು ಸಂಶ್ಲೇಷಣೆಯವರ ದಿನನಿತ್ಯದ ಉಪಕರಣ.

ಇನ್ನೊಂದು ಉದಾಹರಣೆ ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಯದು. ಮಾಡರ್ನಾ ಲಸಿಕೆಯ ಲಿಪಿಡ್ ನ್ಯಾನೋ ಕಣದಲ್ಲಿ ಎಸ್‌ಎಂ-102 ಎಂಬ ಅಯಾನೀಕರಣಗೊಳ್ಳಬಲ್ಲ ಲಿಪಿಡ್, ಕೊಲೆಸ್ಟ್ರಾಲ್, ಫಾಸ್ಫೋಲಿಪಿಡ್ ಮತ್ತು ಪೆಗ್-ಲಿಪಿಡ್ ಎಂಬ ನಾಲ್ಕು ಘಟಕಗಳಿವೆ. ಇಂಥ ಕಣಗಳಲ್ಲಿ ಇವುಗಳ ಮೋಲ್ ಅನುಪಾತ ಸಾಮಾನ್ಯವಾಗಿ 50 : 38.5 : 10 : 1.5. ಮೊದಲನೆಯದರ ಅಮೀನ್ ಗುಂಪಿನ ಗುಟ್ಟು ಏನೆಂದರೆ, ತಯಾರಿಕೆಯ ಹೊತ್ತಿನ ಪಿಎಚ್ 4ರಲ್ಲಿ ಅದು ಧನಾವೇಶ ಪಡೆದು ಆರ್‌ಎನ್‌ಎಯನ್ನು ಹಿಡಿಯುತ್ತದೆ, ರಕ್ತದ ಪಿಎಚ್ 7.4ರಲ್ಲಿ ಆವೇಶ ಕಳೆದುಕೊಳ್ಳುತ್ತದೆ, ಜೀವಕೋಶದೊಳಗಿನ ಆಮ್ಲೀಯ ಕೋಶಿಕೆಯಲ್ಲಿ ಮತ್ತೆ ಆವೇಶ ಪಡೆದು ಸರಕನ್ನು ಹೊರಗೆ ಬಿಡುತ್ತದೆ. ಇದಕ್ಕೆ ತಕ್ಕ ಅಮೀನ್ ಆರಿಸಿ, ಕೆಲಸ ಮುಗಿದ ಮೇಲೆ ದೇಹದಲ್ಲಿ ಒಡೆಯಲಿ ಎಂದು ಬಾಲದಲ್ಲಿ ಎಸ್ಟರ್ ಬಂಧ ಇಟ್ಟದ್ದು ಶುದ್ಧ ಸಾವಯವ ವಿನ್ಯಾಸ. ಆ ಅಮೀನ್ ಗಾಳಿಗೆ ಸಿಕ್ಕಿ ಎನ್-ಆಕ್ಸೈಡ್ ಆದರೆ, ಅದರಿಂದ ಹುಟ್ಟುವ ಆಲ್ಡಿಹೈಡ್ ಆರ್‌ಎನ್‌ಎಗೇ ಅಂಟಿ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಕಣದ ಗಾತ್ರ ಅಳೆದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಔಷಧ ಮಾತ್ರ ಕೆಲಸ ಮಾಡುವುದಿಲ್ಲ. ಎರಡೂ ಬಲ್ಲವರು ಬೇಕಾಗುವುದು ಇಂಥ ಕಡೆ.

ವಿರಾಜಪೇಟೆಯಿಂದ: ಈ ಎರಡನ್ನೂ ಸೇರಿಸಿ ಬೆಳೆದ ವಿಜ್ಞಾನಿಯೊಬ್ಬರ ವೃತ್ತಿಜೀವನ ಹೇಗೆ ಸಾಗಿತೆಂದು ತಿಳಿಸಿ. ಎಂಎಸ್ಸಿಯನ್ನು ನ್ಯಾನೋ ಸೈನ್ಸ್‌ನಲ್ಲೇ ಮಾಡಬೇಕೇ? ಯಾವ ಪರೀಕ್ಷೆ ಬರೆಯಬೇಕು?

ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಜೇಮ್ಸ್ ಟೂರ್ ಅವರ ಹಾದಿ ಗಮನಿಸಬೇಕಾದದ್ದು. ಅವರು 1986ರಲ್ಲಿ ಪರ್ಡ್ಯೂನಲ್ಲಿ ಐಇಚಿ ನೆಗಿಶಿ ಅವರ ಬಳಿ ಪಿಎಚ್‌ಡಿ ಮುಗಿಸಿದರು. ಲೋಹ ವೇಗವರ್ಧಕ ಬಳಸಿ ಇಂಗಾಲಕ್ಕೆ ಇಂಗಾಲ ಜೋಡಿಸುವ ಕ್ರಿಯೆಗೆ 2010ರ ನೊಬೆಲ್ ಹಂಚಿಕೊಂಡವರು ನೆಗಿಶಿ. ಆಮೇಲೆ ಸಂಶ್ಲೇಷಣೆಯಲ್ಲಿ ಹೆಸರಾದ ಬ್ಯಾರಿ ಟ್ರಾಸ್ಟ್ ಅವರಲ್ಲಿ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ). ಅಂದರೆ ತಳಪಾಯ ಪೂರ್ತಿ ಸಂಶ್ಲೇಷಣೆ. ಅದೇ ಜೋಡಣೆ ಕ್ರಿಯೆಗಳಿಂದ 2005ರಲ್ಲಿ ಅವರ ತಂಡ ‘ನ್ಯಾನೋಕಾರ್’ ಎಂಬ ಒಂಟಿ ಅಣುವನ್ನು ಕಟ್ಟಿತು. ಅದಕ್ಕೆ ಸಿ60 ಫುಲ್ಲರೀನ್‌ನ (60 ಇಂಗಾಲ ಪರಮಾಣುಗಳ ಚೆಂಡಿನಂಥ ಅಣು) ನಾಲ್ಕು ಚಕ್ರಗಳು. ಚಿನ್ನದ ಮೇಲ್ಮೈಯನ್ನು 200 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಿದಾಗ ಅದು ಉರುಳುವುದನ್ನು ಟನೆಲಿಂಗ್ ಸೂಕ್ಷ್ಮದರ್ಶಕದಲ್ಲಿ ಕಂಡರು.

ಇಲ್ಲಿ ಕಲಿಯಬೇಕಾದ್ದು ಸುದ್ದಿಯಾದ ಚಿತ್ರಕ್ಕಿಂತ ಅದರ ಹಿಂದಿನ ತೊಡಕು. ಫುಲ್ಲರೀನ್ ವೇಗವರ್ಧಕವಾದ ಪಲ್ಲಾಡಿಯಂಗೆ ಅಂಟಿಕೊಂಡು ಜೋಡಣೆ ಕ್ರಿಯೆಯನ್ನೇ ತಡೆಯುತ್ತದೆ, ಸಾಲದ್ದಕ್ಕೆ ದ್ರಾವಕದಲ್ಲಿ ಸರಿಯಾಗಿ ಕರಗುವುದೂ ಇಲ್ಲ. ಹಾಗಾಗಿ ಚಕ್ರಗಳನ್ನು ಕಟ್ಟಕಡೆಯ ಹಂತದಲ್ಲಿ, ಪಲ್ಲಾಡಿಯಂ ಇಲ್ಲದೆ ಜೋಡಿಸಬೇಕಾಯಿತು. ಬೆಳಕಿನಿಂದ ತಿರುಗುವ ಮೋಟಾರು ಸೇರಿಸುವಾಗ ಸಿ60 ಆ ಬೆಳಕಿನ ಶಕ್ತಿಯನ್ನೂ ನುಂಗುವುದರಿಂದ ಚಕ್ರವನ್ನೇ ಬದಲಿಸಿ ಕಾರ್ಬೊರೇನ್ (ಬೋರಾನ್ ಮತ್ತು ಇಂಗಾಲದ ಗೂಡಿನಂಥ ಅಣು) ಹಾಕಿದರು. ಮುಂದೆ 2010ರಲ್ಲಿ ಗ್ರಾಫೀನ್ ಆಕ್ಸೈಡ್ (ಒಂದು ಪರಮಾಣು ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನ್‌ಗೆ ಆಮ್ಲಜನಕ ಸೇರಿದ್ದು) ಮಾಡುವ ಸುಧಾರಿತ ವಿಧಾನ ಕೊಟ್ಟರು. ಸೋಡಿಯಂ ನೈಟ್ರೇಟ್ ಕೈಬಿಟ್ಟು 9 ಪಾಲು ಗಂಧಕಾಮ್ಲ, 1 ಪಾಲು ಫಾಸ್ಫಾರಿಕ್ ಆಮ್ಲ ಬಳಸಿದ್ದರಿಂದ ವಿಷಕಾರಿ ನೈಟ್ರೋಜನ್ ಆಕ್ಸೈಡ್ ಅನಿಲ ಏಳುವುದು ತಪ್ಪಿತು. 2020ರಲ್ಲಿ ಇಂಗಾಲವಿರುವ ಕಸಕ್ಕೆ ವಿದ್ಯುತ್ ಹರಿಸಿ ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಗ್ರಾಫೀನ್ ಮಾಡಿ ತೋರಿಸಿದರು.

ನಮ್ಮ ಅಭಿಪ್ರಾಯ ಸ್ಪಷ್ಟ: ಎಂಎಸ್ಸಿ ರಸಾಯನಶಾಸ್ತ್ರದಲ್ಲೇ ಇರಲಿ, ಪ್ರಾಜೆಕ್ಟ್ ಬೇಕಾದರೆ ನ್ಯಾನೋ ಲ್ಯಾಬಿನಲ್ಲಿ ಮಾಡಿ. ಕ್ರಿಯಾವಿಧಾನ, ಕಾಲಮ್ (ಮಿಶ್ರಣದಿಂದ ಅಣುಗಳನ್ನು ಬೇರ್ಪಡಿಸುವುದು), ಎನ್‌ಎಂಆರ್ ಓದುವುದು ಇವು ಕೈಗೆ ಹತ್ತಲು ವರ್ಷಗಳು ಬೇಕು. ಕಣ ತಯಾರಿಸುವುದನ್ನು ಆಮೇಲೂ ಕಲಿಯಬಹುದು. ಐಐಟಿಗಳ ಎಂಎಸ್ಸಿಗೆ ಜ್ಯಾಮ್ ಬರೆಯಬೇಕು. ಬೆಂಗಳೂರಿನ ಐಐಎಸ್ಸಿ ಮತ್ತು ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಬಿಎಸ್ಸಿ ಆದವರಿಗೇ ಇಂಟಿಗ್ರೇಟೆಡ್ ಪಿಎಚ್‌ಡಿ ಇದೆ. ಎಂಎಸ್ಸಿ ನಂತರ ಪಿಎಚ್‌ಡಿಗೆ ಸಿಎಸ್‌ಐಆರ್-ಯುಜಿಸಿ ನೆಟ್ ಅಥವಾ ಗೇಟ್. ಕೆ-ಸೆಟ್ ಬರೆದರೆ ರಾಜ್ಯದಲ್ಲಿ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಬರುತ್ತದೆ, ಫೆಲೋಶಿಪ್ ಸಿಗುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ವರ್ಷ ಕಳೆದುಕೊಳ್ಳುವವರಿದ್ದಾರೆ. 2023ರ ಜನವರಿಯಿಂದ ಜೂನಿಯರ್ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಬಳಿಕ ಸೀನಿಯರ್ ಆದರೆ 42,000 ರೂಪಾಯಿ. ಮನೆ ಬಾಡಿಗೆ ಭತ್ಯೆ ಬೇರೆ. ಬಿಎಸ್ಸಿ ಓದುತ್ತಿರುವಾಗಲೇ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಿ. ಎರಡು ತಿಂಗಳು ನಿಜವಾದ ಲ್ಯಾಬಿನಲ್ಲಿ ಇದ್ದರೆ ಈ ಕೆಲಸ ನಿಮಗೆ ಒಗ್ಗುತ್ತದೋ ಇಲ್ಲವೋ ನಿಮಗೇ ಗೊತ್ತಾಗುತ್ತದೆ.

ಗೋಣಿಕೊಪ್ಪಲಿನಿಂದ ಬಿಎಸ್ಸಿ ಪ್ರಾಜೆಕ್ಟ್ ತಂಡ: ರೊಬಸ್ಟಾ ಕಾಫಿಯ ಒಣಸಿಪ್ಪೆಯ ಕಷಾಯ ತೆಗೆದು ಸಿಲ್ವರ್ ನೈಟ್ರೇಟ್‌ಗೆ ಹಾಕಿದೆವು. ಕಂದು ಬಣ್ಣ ಬಂತು, ಬೆಳ್ಳಿಯ ನ್ಯಾನೋ ಕಣ ಆಯಿತೆಂದುಕೊಂಡೆವು. ಮರುದಿನ ತಳದಲ್ಲಿ ಬೂದು ಮಡ್ಡಿ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣದಿಂದ ಸ್ಫಟಿಕ ಗುರುತಿಸುವ ಪರೀಕ್ಷೆ) ಅರ್ಥವಾಗದ ಗೆರೆಗಳಿವೆ. ಎಲ್ಲಿ ತಪ್ಪಿದೆವು?

ಮೊದಲಿಗೆ, ಕಾಫಿ ಸಿಪ್ಪೆಯ ಕಷಾಯವೇ ಕಂದು. ಬಣ್ಣ ಬದಲಾದದ್ದನ್ನು ಸಾಕ್ಷಿಯಾಗಿ ಇಟ್ಟುಕೊಳ್ಳುವಂತಿಲ್ಲ. ಯುವಿ-ವಿಸಿಬಲ್‌ನಲ್ಲಿ (ಯಾವ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆಂದು ಅಳೆಯುವ ಉಪಕರಣ) ಕಷಾಯವನ್ನು ಪ್ರಯೋಗದಲ್ಲಿ ಬೆರೆಸಿದಷ್ಟೇ ಪ್ರಮಾಣದ ನೀರಿನಲ್ಲಿ ತೆಳುವಾಗಿಸಿ ಬ್ಲ್ಯಾಂಕ್ (ಹೋಲಿಕೆಯ ಮಾದರಿ) ಆಗಿ ಇಟ್ಟು ಅಳೆಯಿರಿ. ಅದನ್ನು ಕಳೆದ ಮೇಲೂ 400ರಿಂದ 450 ನ್ಯಾನೋಮೀಟರ್ ನಡುವೆ ಉಬ್ಬು ಉಳಿದರೆ ಅದು ಬೆಳ್ಳಿಯದು.

ಎಕ್ಸ್‌ಆರ್‌ಡಿಯಲ್ಲಿ ತಾಮ್ರದ ವಿಕಿರಣಕ್ಕೆ ಬೆಳ್ಳಿಯ ಗೆರೆಗಳು ಸುಮಾರು 38.1, 44.3, 64.4, 77.4 ಡಿಗ್ರಿಯಲ್ಲಿ ಬರಬೇಕು. ನಿಮ್ಮ ‘ಅರ್ಥವಾಗದ’ ಗೆರೆಗಳು 27.8, 32.2, 46.2ರ ಆಸುಪಾಸಿನಲ್ಲಿದ್ದರೆ ಅದು ಸಿಲ್ವರ್ ಕ್ಲೋರೈಡ್. ಸಸ್ಯದ ಕಷಾಯದಲ್ಲಿ ಕ್ಲೋರೈಡ್ ಇದ್ದೇ ಇರುತ್ತದೆ, ನಲ್ಲಿ ಅಥವಾ ಬೋರ್‌ವೆಲ್ ನೀರು ಬಳಸಿದ್ದರೆ ಇನ್ನಷ್ಟು. ಅದು ಮೊದಲು ಬಿಳಿಯಾಗಿ ಕದಡಿ, ಬೆಳಕಿಗೆ ಬೂದು ನೇರಳೆ ಬಣ್ಣಕ್ಕೆ ತಿರುಗಿ ತಳಕ್ಕೆ ಇಳಿಯುತ್ತದೆ. ‘ಗುರುತಿಸದ ಗೆರೆ’ ಎಂದು ನಕ್ಷತ್ರ ಚಿಹ್ನೆ ಹಾಕಿ ಬಿಟ್ಟುಬಿಡುವುದು ಪ್ರಾಜೆಕ್ಟ್ ವರದಿಗಳಲ್ಲಿ ರೂಢಿಯಾಗಿಬಿಟ್ಟಿದೆ. ದಯವಿಟ್ಟು ನೀವು ಹಾಗೆ ಮಾಡಬೇಡಿ.

ಮತ್ತೆ ಮಾಡುವುದಾದರೆ: ಒಣಗಿಸಿ ಪುಡಿ ಮಾಡಿದ ಸಿಪ್ಪೆ 5 ಗ್ರಾಂ, ಡಿಸ್ಟಿಲ್ಡ್ ನೀರು 100 ಮಿ.ಲೀ., 70 ಡಿಗ್ರಿಯಲ್ಲಿ ಅರ್ಧ ಗಂಟೆ. ಬಟ್ಟೆಯಲ್ಲಿ ಸೋಸಿ, ಆಮೇಲೆ ವಾಟ್‌ಮನ್ 1 ಕಾಗದದಲ್ಲಿ ಸೋಸಿ. ಕಷಾಯ ಅದೇ ದಿನ ಬಳಸಿ. ಸಿಲ್ವರ್ ನೈಟ್ರೇಟ್ 17 ಮಿ.ಗ್ರಾಂ ಅನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿದರೆ 1 ಮಿಲಿಮೋಲಾರ್. ಇದರ 45 ಮಿ.ಲೀ.ಗೆ 5 ಮಿ.ಲೀ. ಕಷಾಯ. ಅದಕ್ಕೆ ಮುಂಚೆ ಸ್ವಲ್ಪ ಕಷಾಯಕ್ಕೆ ಎರಡು ಹನಿ ನೈಟ್ರಿಕ್ ಆಮ್ಲ, ಎರಡು ಹನಿ ಸಿಲ್ವರ್ ನೈಟ್ರೇಟ್ ಹಾಕಿ ನೋಡಿ. ಬಿಳಿಯಾಗಿ ಕದಡಿದರೆ ಕ್ಲೋರೈಡ್ ಇದೆ ಎಂದರ್ಥ.

ಇಲ್ಲಿ ಬೆಳ್ಳಿಯನ್ನು ಅಪಕರ್ಷಿಸುವುದು (ಎಲೆಕ್ಟ್ರಾನ್ ಕೊಟ್ಟು ಲೋಹವಾಗಿಸುವುದು) ಹೆಚ್ಚಾಗಿ ಕ್ಲೋರೋಜೆನಿಕ್ ಆಮ್ಲದಂಥ ಫೀನಾಲ್‌ಗಳು. ಅದರ ಕೆಫೀಕ್ ಆಮ್ಲದ ಭಾಗದಲ್ಲಿ ಪಕ್ಕಪಕ್ಕ ಎರಡು ಹೈಡ್ರಾಕ್ಸಿಲ್ ಗುಂಪುಗಳಿವೆ. ಅವು ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಕ್ವಿನೋನ್ ಆಗುತ್ತವೆ, ಎರಡು ಬೆಳ್ಳಿ ಅಯಾನುಗಳು ಲೋಹವಾಗುತ್ತವೆ. ಕಷಾಯ ಸ್ವತಃ ಆಮ್ಲೀಯವಾದ್ದರಿಂದ ಕ್ರಿಯೆ ನಿಧಾನ. ತೆಳು ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಹಾಕಿ ಪಿಎಚ್ 8ಕ್ಕೆ ತಂದರೆ ವೇಗ ಬರುತ್ತದೆ. 10 ದಾಟಿದರೆ ಕಂದು ಸಿಲ್ವರ್ ಆಕ್ಸೈಡ್ ಇಳಿದು ಮತ್ತೊಂದು ಗೊಂದಲ. ಪಿಎಚ್ ಏರಿಸಲು ಅಮೋನಿಯಾ ಮಾತ್ರ ಬೇಡ. ಅಮೋನಿಯಾ ಬೆರೆತ ಬೆಳ್ಳಿ ದ್ರಾವಣ ಇಟ್ಟಲ್ಲೇ ಸ್ಫೋಟಕವಾಗುತ್ತದೆ.

ಅಂಗಡಿಯ ಶುದ್ಧ ಕ್ಲೋರೋಜೆನಿಕ್ ಆಮ್ಲದಿಂದ ಇದೇ ಪ್ರಯೋಗವನ್ನು ಪಕ್ಕದಲ್ಲಿ ಮಾಡಿ ಹೋಲಿಸಿ. ಆಗ ಯಾವ ಅಣು ಕೆಲಸ ಮಾಡಿತೆಂದು ಹೇಳಲು ನಿಮಗೆ ಆಧಾರ ಸಿಗುತ್ತದೆ. ಬ್ಯಾಕ್ಟೀರಿಯಾ ಪರೀಕ್ಷೆ ಮಾಡುವುದಿದ್ದರೆ ಕಷಾಯ ಮಾತ್ರ, ಸಿಲ್ವರ್ ನೈಟ್ರೇಟ್ ಮಾತ್ರ, ತೊಳೆದ ಕಣ ಎಂಬ ಮೂರನ್ನೂ ಇಡಬೇಕು. ಉಳಿದ ಬೆಳ್ಳಿ ಅಯಾನೇ ಬ್ಯಾಕ್ಟೀರಿಯಾ ಕೊಂದು, ಹೆಸರು ಕಣಕ್ಕೆ ಹೋಗುವುದು ಬಹಳ ಸಾಮಾನ್ಯ.

ಕುಶಾಲನಗರದಿಂದ ಎಂಎಸ್ಸಿ ವಿದ್ಯಾರ್ಥಿ: ಸಿಟ್ರೇಟ್ ವಿಧಾನದಲ್ಲಿ ಚಿನ್ನದ ಕಣ ಮಾಡಿದೆ, ಒಳ್ಳೆಯ ಕೆಂಪು ಬಂತು. ಲಿಗ್ಯಾಂಡನ್ನೂ ನಾನೇ ಸಂಶ್ಲೇಷಿಸಿದ್ದು: 11-ಮರ್ಕ್ಯಾಪ್ಟೊಅಂಡೆಕನಾಯಿಕ್ ಆಮ್ಲ. ಅದನ್ನು ಎಥನಾಲ್‌ನಲ್ಲಿ ಕರಗಿಸಿ ಹಾಕಿದ ಕೂಡಲೇ ನೀಲಿಯಾಯಿತು. ಕಣದ ತಪ್ಪೋ, ಲಿಗ್ಯಾಂಡಿನ ತಪ್ಪೋ?

ನಿಮ್ಮ ಪ್ರಶ್ನೆಯಲ್ಲಿ ಈ ಕ್ಷೇತ್ರದ ಇಡೀ ತಿರುಳು ಇದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ಮೊದಲು ಕಣ. 1951ರಲ್ಲಿ ಟರ್ಕೆವಿಚ್ ಮತ್ತು ಸಂಗಡಿಗರು ಕೊಟ್ಟ ಈ ವಿಧಾನದ ರೂಢಿಯ ಅಳತೆ ಹೀಗಿದೆ: 1 ಮಿಲಿಮೋಲಾರ್ ಕ್ಲೋರೋಆರಿಕ್ ಆಮ್ಲ 20 ಮಿ.ಲೀ. ಕುದಿಯುತ್ತಿರುವಾಗ, ಜೋರಾಗಿ ಕಲಕುತ್ತಾ, ಶೇಕಡಾ 1ರ ಟ್ರೈಸೋಡಿಯಂ ಸಿಟ್ರೇಟ್ 2 ಮಿ.ಲೀ. ಒಮ್ಮೆಲೇ ಹಾಕುವುದು. ಹಳದಿ ಮಾಸಿ, ಕಪ್ಪು ನೀಲಿಗೆ ಹೋಗಿ, ಹತ್ತು ನಿಮಿಷದೊಳಗೆ ದ್ರಾಕ್ಷಾರಸದ ಕೆಂಪು ಬರುತ್ತದೆ. ಗಾತ್ರ ಸುಮಾರು 13 ನ್ಯಾನೋಮೀಟರ್, ಹೀರಿಕೆಯ ಶಿಖರ 520ರ ಹತ್ತಿರ. ಸಿಟ್ರೇಟ್ ಕಡಿಮೆ ಮಾಡಿದರೆ ಕಣ ದೊಡ್ಡದಾಗುತ್ತದೆ. ಚಿನ್ನದ ಲವಣ ತೂಗಲು ಸ್ಟೀಲ್ ಚಮಚ ಬಳಸಬಾರದು, ಆ ಲವಣ ಲೋಹವನ್ನು ತಿನ್ನುತ್ತದೆ. ಗಾಜಿನ ಪಾತ್ರೆಯನ್ನು ಅಕ್ವಾ ರೀಜಿಯಾದಲ್ಲಿ ತೊಳೆಯಿರಿ. 3 ಪಾಲು ಹೈಡ್ರೋಕ್ಲೋರಿಕ್, 1 ಪಾಲು ನೈಟ್ರಿಕ್, ಫ್ಯೂಮ್ ಹುಡ್ (ವಿಷಗಾಳಿಯನ್ನು ಹೊರಕ್ಕೆಳೆಯುವ ಪೆಟ್ಟಿಗೆ) ಒಳಗೆ, ಅಸಿಟೋನ್ ಅಥವಾ ಎಥನಾಲ್ ಸೋಂಕದ ಪಾತ್ರೆಯಲ್ಲಿ. ಮುಚ್ಚಿದ ಬಾಟಲಿಯಲ್ಲಿ ಇಡಲೇಬಾರದು. ಕೆಂಪು ಚೆನ್ನಾಗಿ ಬಂದಿದೆ ಎಂದಿದ್ದೀರಿ, ಆದ್ದರಿಂದ ಕಣದಲ್ಲಿ ತಪ್ಪಿಲ್ಲ.

ಇನ್ನು ಲಿಗ್ಯಾಂಡ್. ನೀವು ಬಳಸಿದ್ದು ಥಯೋಯೂರಿಯಾ ಮಾರ್ಗ ಇರಬೇಕು: 11-ಬ್ರೋಮೊಅಂಡೆಕನಾಯಿಕ್ ಆಮ್ಲ 2.65 ಗ್ರಾಂ, ಥಯೋಯೂರಿಯಾ 1.14 ಗ್ರಾಂ, ಎಥನಾಲ್ 30 ಮಿ.ಲೀ., ರಾತ್ರಿಯಿಡೀ ರಿಫ್ಲಕ್ಸ್ (ಆವಿಯನ್ನು ತಣಿಸಿ ಮತ್ತೆ ಪಾತ್ರೆಗೇ ಬೀಳಿಸುತ್ತಾ ಕುದಿಸುವುದು). ಆಮೇಲೆ ನೈಟ್ರೋಜನ್ ಅಡಿಯಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಜೊತೆ ಇನ್ನೆರಡು ಗಂಟೆ, ತಣಿಸಿ ಪಿಎಚ್ 2ಕ್ಕೆ ತಂದರೆ ಬಿಳಿ ಘನ ಇಳಿಯುತ್ತದೆ. ಪೂರ್ತಿ ಬಂದರೆ 2.18 ಗ್ರಾಂ.

ಈಗ ಪ್ರೋಟಾನ್ ಎನ್‌ಎಂಆರ್ ಹಾಳೆಯನ್ನು ಕೈಗೆತ್ತಿಕೊಂಡು 2.3ರಿಂದ 3.5 ಪಿಪಿಎಂ (ಎನ್‌ಎಂಆರ್ ಗೆರೆಯ ಸ್ಥಾನದ ಅಳತೆ) ವರೆಗಿನ ಭಾಗವನ್ನಷ್ಟೇ ನೋಡಿ. 2.35ರಲ್ಲಿ ಟ್ರಿಪ್ಲೆಟ್ (ಮೂರು ಗೆರೆಗಳ ಗುಂಪು) ಇದ್ದೇ ಇರುತ್ತದೆ, ಅದು ಆಮ್ಲದ ಪಕ್ಕದ ಸಿಎಚ್2. ಗಂಧಕದ ಪಕ್ಕದ ಸಿಎಚ್2 ನಿಜವಾಗಿ ಥಯಾಲ್ (ಗಂಧಕ-ಹೈಡ್ರೋಜನ್ ಗುಂಪು, ಎಸ್‌ಎಚ್) ಆಗಿದ್ದರೆ 2.52ರಲ್ಲಿ ಕ್ವಾರ್ಟೆಟ್ (ನಾಲ್ಕು ಗೆರೆಗಳ ಗುಂಪು) ಆಗಿ ಕಾಣುತ್ತದೆ, ಯಾಕೆಂದರೆ ಎಸ್‌ಎಚ್ ಪ್ರೋಟಾನ್ ಕೂಡ ಅದನ್ನು ಸೀಳುತ್ತದೆ. ಗಾಳಿ ತಾಗಿ ಡೈಸಲ್ಫೈಡ್ (ಎರಡು ಅಣುಗಳ ಗಂಧಕ ಜೋಡಿದ್ದು) ಆಗಿದ್ದರೆ ಅದೇ ಸಿಎಚ್2 ಸುಮಾರು 2.68ಕ್ಕೆ ಸರಿದು ಟ್ರಿಪ್ಲೆಟ್ ಆಗುತ್ತದೆ. 3.40ರಲ್ಲಿ ಟ್ರಿಪ್ಲೆಟ್ ಉಳಿದಿದ್ದರೆ ಬ್ರೋಮೈಡ್ ಪೂರ್ತಿ ಕ್ರಿಯೆಗೊಂಡಿಲ್ಲ. ಡೈಸಲ್ಫೈಡ್ ಸ್ವಲ್ಪ ಇದ್ದರೆ ಪ್ರಳಯವೇನಿಲ್ಲ, ಅದೂ ಚಿನ್ನಕ್ಕೆ ಕೂರುತ್ತದೆ, ನಿಧಾನವಾಗಿ.

ನಾವು ಹೆಚ್ಚು ಶಂಕಿಸುವುದು ಉಳಿದಿರಬಹುದಾದ ಥಯೋಯೂರಿಯಾವನ್ನು. ಅದರ ಗಂಧಕ ಚಿನ್ನಕ್ಕೆ ಬಲವಾಗಿ ಅಂಟಿ ಸಿಟ್ರೇಟನ್ನು ತಳ್ಳಿಹಾಕುತ್ತದೆ, ಆದರೆ ಅದಕ್ಕೆ ಆವೇಶ ಇಲ್ಲ. ಕಣಗಳ ನಡುವಿನ ವಿಕರ್ಷಣೆ ಹೋಗಿ ಅವು ಕೂಡಿಕೊಳ್ಳುತ್ತವೆ, ಅದರಿಂದಲೇ ಕೆಂಪು ನೀಲಿಯಾಗುತ್ತದೆ. ಎನ್‌ಎಂಆರ್ ಅನ್ನು ಡ್ಯೂಟರೇಟೆಡ್ ಕ್ಲೋರೋಫಾರ್ಮ್‌ನಲ್ಲಿ ತೆಗೆದಿದ್ದರೆ ಇದು ಕಾಣುವುದೇ ಇಲ್ಲ, ಯಾಕೆಂದರೆ ಥಯೋಯೂರಿಯಾ ಅದರಲ್ಲಿ ಸರಿಯಾಗಿ ಕರಗುವುದಿಲ್ಲ. ಸ್ಪೆಕ್ಟ್ರಮ್ ಸ್ವಚ್ಛ, ಸರಕು ಅಶುದ್ಧ! ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಮತ್ತೊಮ್ಮೆ ತೆಗೆಯಿರಿ, 7 ಪಿಪಿಎಂ ಹತ್ತಿರ ಅಗಲವಾದ ಉಬ್ಬು ಕಂಡರೆ ಅದೇ. ಘನವನ್ನು ತಣ್ಣೀರಿನಲ್ಲಿ ನಾಲ್ಕಾರು ಸಲ ತೊಳೆದು, ಒಣಗಿಸಿ, ಹೆಕ್ಸೇನ್‌ನಲ್ಲಿ ಮರುಸ್ಫಟಿಕೀಕರಣ ಮಾಡಿ.

ಲಿಗ್ಯಾಂಡ್ ಶುದ್ಧವಾಗಿದ್ದರೂ ನೀವು ಹಾಕಿದ ರೀತಿಯಲ್ಲಿ ನೀಲಿಯಾಗುವ ಸಾಧ್ಯತೆ ಇತ್ತು. ಸಿಟ್ರೇಟ್ ಚಿನ್ನದ ದ್ರಾವಣ ತುಸು ಆಮ್ಲೀಯ. ಅಲ್ಲಿ ನಿಮ್ಮ ಲಿಗ್ಯಾಂಡಿನ ಕಾರ್ಬಾಕ್ಸಿಲ್ ಗುಂಪು ಹೆಚ್ಚಿನಂಶ ಆವೇಶವಿಲ್ಲದೆ ಇರುತ್ತದೆ. ಮೇಲೆ ಉದ್ದನೆಯ ಎಣ್ಣೆಯಂಥ ಸರಪಣಿ, ತುದಿಯಲ್ಲಿ ಆವೇಶ ಇಲ್ಲ ಎಂದಾದರೆ ಕಣ ನೀರಿನಲ್ಲಿ ನಿಲ್ಲುವುದಾದರೂ ಹೇಗೆ?

ಎಷ್ಟು ಹಾಕಬೇಕೆಂದು ಲೆಕ್ಕ ಹಾಕಿಯೇ ಹಾಕಿ. 13 ನ್ಯಾನೋಮೀಟರ್ ಕಣವೊಂದರಲ್ಲಿ ಸುಮಾರು 68,000 ಚಿನ್ನದ ಪರಮಾಣು, ಮೇಲ್ಮೈ ಸುಮಾರು 530 ಚದರ ನ್ಯಾನೋಮೀಟರ್. ಚದರಕ್ಕೆ 4ರಿಂದ 5 ಥಯಾಲ್ ಕೂತರೆ ಕಣಕ್ಕೆ 2,400ರಷ್ಟು. ನಿಮ್ಮ 20 ಮಿ.ಲೀ. ತಯಾರಿಗೆ ಬೇಕಾದ ಲಿಗ್ಯಾಂಡ್ ಬರೀ 0.15 ಮಿ.ಗ್ರಾಂ. ಹತ್ತು ಪಟ್ಟು ಹೆಚ್ಚೆಂದರೂ 1.5 ಮಿ.ಗ್ರಾಂ ಸಾಕು. ಅಂಥ ಸಣ್ಣ ಲೆಕ್ಕದಲ್ಲಿ ಶೇಕಡಾ 5ರ ಕಲ್ಮಶವೂ ಮೇಲ್ಮೈಯ ಅರ್ಧದಷ್ಟನ್ನು ಮುಚ್ಚಬಲ್ಲದು. ಲಿಗ್ಯಾಂಡ್ ‘ಹೆಚ್ಚೂ ಕಡಿಮೆ ಶುದ್ಧ’ ಇದ್ದರೆ ಸಾಲದು ಎನ್ನುವುದು ಇದಕ್ಕೇ.

ಚಿನ್ನದ ದ್ರಾವಣ ತಣ್ಣಗಾದ ಮೇಲೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಹನಿಸಿ ಪಿಎಚ್ ಅನ್ನು 10-11ಕ್ಕೆ ತನ್ನಿ. 1.5 ಮಿ.ಗ್ರಾಂ ಲಿಗ್ಯಾಂಡನ್ನು 0.01 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 1 ಮಿ.ಲೀ.ನಲ್ಲಿ ಕರಗಿಸಿ, ಕಲಕುತ್ತಾ ಹನಿಹನಿಯಾಗಿ ಸೇರಿಸಿ, ರಾತ್ರಿಯಿಡೀ ಬಿಡಿ. ಶಿಖರ 520ರಿಂದ ಕೆಲವೇ ನ್ಯಾನೋಮೀಟರ್ ಮುಂದಕ್ಕೆ ಸರಿದು ಆಕಾರ ಕೆಡದಿದ್ದರೆ ಲಿಗ್ಯಾಂಡ್ ಕೂತಿದೆ. 600ರಾಚೆ ಬಾಲ ಎದ್ದರೆ ಕಣ ಕೂಡಿಕೊಳ್ಳುತ್ತಿದೆ. ಸೆಂಟ್ರಿಫ್ಯೂಜ್‌ನಲ್ಲಿ 13,000 ಜಿ, ಅರ್ಧ ಗಂಟೆ. ಮೇಲಿನ ನೀರು ತೆಗೆದು, ಪಿಎಚ್ 9-10ರ ನೀರಿನಲ್ಲಿ ಮತ್ತೆ ಕದಡಿ, ಎರಡು ಮೂರು ಸಲ ಇದೇ ಕ್ರಮ. ತೊಳೆದ ಕಣದ ಎನ್‌ಎಂಆರ್‌ನಲ್ಲಿ ಗೆರೆಗಳು ಅಗಲವಾಗಿ ಮಸುಕಾಗಿರಬೇಕು. ಚೂಪಾದ ಗೆರೆಗಳು ಕಂಡರೆ ಅಂಟದ ಲಿಗ್ಯಾಂಡ್ ಇನ್ನೂ ಉಳಿದಿದೆ, ಇನ್ನೊಮ್ಮೆ ತೊಳೆಯಿರಿ.

ಪೊನ್ನಂಪೇಟೆಯ ಕಾಫಿ ಬೆಳೆಗಾರರು: ನಮ್ಮ ತೋಟದ ಪಲ್ಪರ್‌ನಿಂದ ಬರುವ ತಿರುಳು ಸುಮ್ಮನೆ ಕೊಳೆಯುತ್ತದೆ. ಅದರಿಂದ ‘ಕಾರ್ಬನ್ ಡಾಟ್’ (ಹೊಳೆಯುವ ಇಂಗಾಲದ ನ್ಯಾನೋ ಕಣ) ಮಾಡಬಹುದಂತೆ. ಕುಕ್ಕರಿನಲ್ಲೇ ಆಗುತ್ತದೆಯೇ? ಲಾಭ ಉಂಟೇ?

ಕುಕ್ಕರಿನಲ್ಲಿ ಬೇಡವೇ ಬೇಡ. ಕುಕ್ಕರ್ ಮುಟ್ಟುವುದು 120 ಡಿಗ್ರಿ. ಈ ಕೆಲಸಕ್ಕೆ 180ರಿಂದ 200 ಡಿಗ್ರಿ ಬೇಕು, ಅಷ್ಟು ಬಿಸಿಯಲ್ಲಿ ನೀರಿನ ಆವಿಯ ಒತ್ತಡ 15 ಬಾರ್ ಮುಟ್ಟುತ್ತದೆ. ಅದಕ್ಕೆ ಟೆಫ್ಲಾನ್ ಒಳಪದರದ ಉಕ್ಕಿನ ಆಟೋಕ್ಲೇವ್ ಇದೆ. ಅದನ್ನೂ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬಾರದು, ಪೂರ್ತಿ ತಣಿಯದೆ ತೆರೆಯಬಾರದು.

ತಿರುಳಿನಿಂದ ಹೊಳೆಯುವ ದ್ರಾವಣ ಬರುವುದು ನಿಜ. ಆದರೆ ಹೊಳೆಯುವುದೆಲ್ಲ ಕಣವಲ್ಲ. ಪ್ರಯೋಗಾಲಯದಲ್ಲಿ ಸಿಟ್ರಿಕ್ ಆಮ್ಲ 1.05 ಗ್ರಾಂ, ಎಥಿಲೀನ್‌ಡೈಅಮೀನ್ 335 ಮೈಕ್ರೋಲೀಟರ್, ನೀರು 10 ಮಿ.ಲೀ., 200 ಡಿಗ್ರಿ, 5 ಗಂಟೆ ಎಂಬ ಹೆಸರಾಂತ ವಿಧಾನವಿದೆ. ಕಡು ನೀಲಿಯಾಗಿ ಹೊಳೆಯುತ್ತದೆ. ಆ ಹೊಳಪಿನ ದೊಡ್ಡ ಪಾಲು ಜೊತೆಯಲ್ಲೇ ಹುಟ್ಟುವ ಒಂದು ಸಣ್ಣ ಸಾವಯವ ಅಣುವಿನದು ಎಂದು 2015ರಲ್ಲಿ ತೋರಿಸಿದರು. ಡಯಾಲಿಸಿಸ್ ಚೀಲದಲ್ಲಿ ನಾಲ್ಕಾರು ಸಲ ನೀರು ಬದಲಿಸಿ ಆ ಅಣುವನ್ನು ಹೊರಹಾಕಿದ ಮೇಲೆ ಉಳಿಯುವ ಹೊಳಪು ಎಷ್ಟೆಂದು ಕೇಳದೆ ಯಾರ ಮಾತಿಗೂ ಹಣ ಹೂಡಬೇಡಿ. ಲೋಡುಗಟ್ಟಲೆ ತಿರುಳಿಗೆ ಇದು ದಾರಿಯಲ್ಲ. ಇಂಥ ಕಣ ಬೇಕಾಗುವುದು ಮಿಲಿಗ್ರಾಂ ಲೆಕ್ಕದಲ್ಲಿ, ಒಂದು ಬುಟ್ಟಿ ತಿರುಳೇ ಧಾರಾಳವಾಯಿತು. ಸದ್ಯಕ್ಕೆ ನಿಮಗೆ ಕಾಂಪೋಸ್ಟೇ ಲಾಭ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ವಿಚಾರಿಸಿ.

ಸೋಮವಾರಪೇಟೆಯ ತಾಯಿಯೊಬ್ಬರು: ಮಗಳು ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತೇನೆ ಅನ್ನುತ್ತಾಳೆ. ರಾಸಾಯನಿಕಗಳ ಮಧ್ಯೆ ಐದಾರು ವರ್ಷ ಅಂದರೆ ಹೆದರಿಕೆ. ಆಮೇಲೆ ಕೆಲಸ ಸಿಗುತ್ತದೆಯೇ?

ಅಮ್ಮಾ, ನಿಮ್ಮ ಹೆದರಿಕೆಯನ್ನು ತಳ್ಳಿಹಾಕುವುದಿಲ್ಲ. ಅಪಾಯ ಇರುವುದು ನಿಜ, ಅದು ಎಲ್ಲಿದೆ ಎಂದು ತಿಳಿದರೆ ತಪ್ಪಿಸಬಹುದು. 2008ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಯುವ ಸಂಶೋಧಕಿಯೊಬ್ಬರು ಗಾಳಿ ತಾಗಿದರೆ ಹೊತ್ತಿಕೊಳ್ಳುವ ಲಿಥಿಯಂ ಸಂಯುಕ್ತವನ್ನು ಸಿರಿಂಜಿನಲ್ಲಿ ಎಳೆಯುತ್ತಿದ್ದಾಗ ಬೆಂಕಿ ಹತ್ತಿ, ಮುಂದಿನ ತಿಂಗಳು ತೀರಿಕೊಂಡರು. ಅವರು ಲ್ಯಾಬ್ ಕೋಟ್ ಹಾಕಿರಲಿಲ್ಲ, ಮೈಮೇಲೆ ಸಿಂಥೆಟಿಕ್ ಸ್ವೆಟರ್ ಇತ್ತು. ಮಗಳಿಗೆ ಒಳ್ಳೆಯ ಹತ್ತಿಯ ಕೋಟ್ ಎರಡು ಹೊಲಿಸಿಕೊಡಿ, ಒಂದು ಒಗೆತಕ್ಕೆ ಹೋದಾಗ ಇನ್ನೊಂದು ಇರಲಿ. ತೆಳು ನೀಲಿ ನೈಟ್ರೈಲ್ ಗ್ಲೌಸಿನೊಳಗೆ ಡೈಕ್ಲೋರೋಮೀಥೇನ್ ಕೆಲವೇ ನಿಮಿಷದಲ್ಲಿ ನುಗ್ಗುತ್ತದೆ, ಚೆಲ್ಲಿದರೆ ಆ ಕ್ಷಣವೇ ಬದಲಿಸಬೇಕು. ಡಿಎಂಎಫ್ ಎಂಬ ದ್ರಾವಕ ಗರ್ಭಕ್ಕೆ ಹಾನಿಕರ, ಹಾಗಾಗಿ ಅಂಥ ಸಮಯದಲ್ಲಿ ಮಾರ್ಗದರ್ಶಕರಿಗೆ ಸಂಕೋಚವಿಲ್ಲದೆ ಹೇಳಿ ಬೇರೆ ಕೆಲಸ ಕೇಳುವ ಹಕ್ಕು ಅವಳಿಗಿದೆ. ನ್ಯಾನೋ ಕಣ ನೀರಿನಲ್ಲಿ ಇರುವಷ್ಟು ಹೊತ್ತು ಅಪಾಯ ಕಡಿಮೆ, ಒಣ ಪುಡಿಯನ್ನು ತೆರೆದ ತಕ್ಕಡಿಯಲ್ಲಿ ತೂಗಬಾರದು. ಲ್ಯಾಬ್ ಸೇರುವ ಮೊದಲು ಅವಳು ಒಮ್ಮೆ ಹೋಗಿ ಫ್ಯೂಮ್ ಹುಡ್ ಬಾಗಿಲಿಗೆ ಟಿಶ್ಯೂ ಕಾಗದ ಹಿಡಿದು ನೋಡಲಿ. ಒಳಕ್ಕೆ ಎಳೆಯದಿದ್ದರೆ ಆ ಲ್ಯಾಬ್ ಬೇಡ.

ಕೆಲಸದ ಮಾತಿಗೆ ಬಂದರೆ, ಈ ಜೋಡಿ ಕಲಿಕೆಯ ಲಾಭವೇ ಅದು. ನ್ಯಾನೋದಲ್ಲಿ ಹುದ್ದೆ ಸಿಗದಿದ್ದರೂ ಸಂಶ್ಲೇಷಣೆ ಬಲ್ಲವರನ್ನು ಬೆಂಗಳೂರು, ಹೈದರಾಬಾದಿನ ಔಷಧ ಮತ್ತು ಗುತ್ತಿಗೆ ಸಂಶೋಧನಾ ಕಂಪನಿಗಳು ತೆಗೆದುಕೊಳ್ಳುತ್ತವೆ. ಗರ್ಭ ಪರೀಕ್ಷೆಯ ಪಟ್ಟಿಯಲ್ಲಿ ಮೂಡುವ ಕೆಂಪು ಗೆರೆ ಸಾಮಾನ್ಯವಾಗಿ ಚಿನ್ನದ ನ್ಯಾನೋ ಕಣದ್ದು. ಅಂಥ ಕಿಟ್ ಮಾಡುವ ಕಡೆ ಕಣ, ಅಣು ಎರಡೂ ಬಲ್ಲವರಿಗೆ ಜಾಗವಿದೆ. ಅಧ್ಯಾಪನ ಹುದ್ದೆಗೆ ಮಾತ್ರ ಕಾಯುವುದು ಹೆಚ್ಚು, ಅದನ್ನು ಮುಚ್ಚಿಡುವುದಿಲ್ಲ.

ಮಡಿಕೇರಿಯ ಕಾಲೇಜು ಉಪನ್ಯಾಸಕರು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಪ್ರಯೋಗವೇ ಸರಿಯಾಗುವುದಿಲ್ಲ. ಟಿಎಲ್‌ಸಿ (ಸಿಲಿಕಾ ಪ್ಲೇಟಿನ ಮೇಲೆ ಮಿಶ್ರಣ ಬೇರ್ಪಡಿಸಿ ನೋಡುವ ಪರೀಕ್ಷೆ) ದಿನಕ್ಕೊಂದು ತರಹ. ಕರೆಂಟೂ ನೆಚ್ಚಿಕೊಳ್ಳುವಂತಿಲ್ಲ. ಏನು ಮಾಡಬಹುದು?

ಟಿಎಲ್‌ಸಿ ಪ್ಲೇಟಿನ ಸಿಲಿಕಾ ಮಳೆಗಾಲದ ತೇವ ಕುಡಿದು ತನ್ನ ಹಿಡಿತ ಕಳೆದುಕೊಳ್ಳುತ್ತದೆ, ಚುಕ್ಕೆಗಳು ಇದ್ದಕ್ಕಿಂತ ಮೇಲೆ ಓಡುತ್ತವೆ. ಪ್ಲೇಟನ್ನು 110 ಡಿಗ್ರಿ ಓವನ್‌ನಲ್ಲಿ ಅರ್ಧ ಗಂಟೆ ಇಟ್ಟು ಡೆಸಿಕೇಟರಿನಲ್ಲಿ ತಣಿಸಿ ಬಳಸಿ. ಆರಂಭದ ವಸ್ತು, ಉತ್ಪನ್ನ ಮತ್ತು ಎರಡರ ಮಿಶ್ರಣವನ್ನು ಒಂದೇ ಪ್ಲೇಟಿನಲ್ಲಿ ಓಡಿಸಿದರೆ ದಿನದಿನದ ವ್ಯತ್ಯಾಸ ತೊಂದರೆ ಕೊಡುವುದಿಲ್ಲ. ಟಿಎಚ್‌ಎಫ್ ಎಂಬ ದ್ರಾವಕದಿಂದ ನೀರು ತೆಗೆಯಲು ಸೋಡಿಯಂ ಬೇಕಿಲ್ಲ, ಇಂಥ ಹವೆಯಲ್ಲಿ ಅದು ಅಪಾಯ ಕೂಡ. 3 ಆಂಗ್‌ಸ್ಟ್ರಾಂ ಮಾಲಿಕ್ಯುಲರ್ ಸೀವ್ (ನೀರು ಹೀರುವ ಸೂಕ್ಷ್ಮ ರಂಧ್ರಗಳ ಕಾಳು) ಅನ್ನು 300 ಡಿಗ್ರಿಯಲ್ಲಿ ರಾತ್ರಿಯಿಡೀ ಕಾಯಿಸಿ, 100 ಮಿ.ಲೀ.ಗೆ 20 ಗ್ರಾಂನಂತೆ ಹಾಕಿ ಎರಡು ದಿನ ಮುಚ್ಚಿಡಿ. ನೀರು ಕೆಲವೇ ಪಿಪಿಎಂಗೆ (ಹತ್ತು ಲಕ್ಷದಲ್ಲಿ ಕೆಲವೇ ಪಾಲಿಗೆ) ಇಳಿಯುತ್ತದೆ. ಸೋಡಿಯಂ ಬೋರೋಹೈಡ್ರೈಡ್ ದೊಡ್ಡ ಡಬ್ಬಿಯನ್ನು ಪದೇ ಪದೇ ತೆರೆಯುವ ಬದಲು ಬೇಸಿಗೆಯಲ್ಲೇ ಸಣ್ಣ ಶೀಶೆಗಳಿಗೆ ಹಂಚಿಡಿ. ಸಿಟ್ರೇಟ್ ದ್ರಾವಣದಲ್ಲಿ ಬೂಷ್ಟು ಬೆಳೆಯುತ್ತದೆ, ಪ್ರತಿ ಸಲ ಹೊಸದಾಗಿ ಮಾಡಿ.

ಕರೆಂಟ್ ಹೋದಾಗ ಮೊದಲು ನಿಲ್ಲುವುದು ಕಲಕುವುದು ಮತ್ತು ಕಂಡೆನ್ಸರಿನ ಪಂಪು. ಎಣ್ಣೆ ಬಾತ್ ಮಾತ್ರ ಬಿಸಿಯಾಗಿಯೇ ಇರುತ್ತದೆ, ದ್ರಾವಕ ಆವಿಯಾಗಿ ಹೊರಗೆ ಹೋಗುತ್ತದೆ. ಸ್ಟರರ್ ಮತ್ತು ಪಂಪಿಗೆ ಸಣ್ಣ ಇನ್ವರ್ಟರ್ ಕೊಡಿ, ಹೀಟರಿಗೆ ಕೊಡಬೇಡಿ. ಹೀಟರ್ ತಾನಾಗಿ ಮತ್ತೆ ಹೊತ್ತಿಕೊಳ್ಳದಂತೆ ಕೈಯಿಂದ ಒತ್ತಿದರಷ್ಟೇ ಶುರುವಾಗುವ ಸ್ವಿಚ್ ಹಾಕಿಸಿ. ರಾತ್ರಿಯಿಡೀ ರಿಫ್ಲಕ್ಸ್ ಬೇಕಾದ ಥಯೋಯೂರಿಯಾ ಹಂತದಂಥದ್ದನ್ನು ಎರಡು ಹಗಲಿಗೆ ಹಂಚಬಹುದು. ನಡುವೆ ತಣಿದರೆ ಅದಕ್ಕೆ ಹಾನಿಯಿಲ್ಲ. ಕುದಿಯುವ ದ್ರವಕ್ಕೆ ಹೊಸ ಬಾಯಿಲಿಂಗ್ ಚಿಪ್ (ಕುದಿಯನ್ನು ಹದವಾಗಿಡುವ ಸಣ್ಣ ಚೂರು) ಹಾಕುವಂತಿಲ್ಲ, ಒಮ್ಮೆಲೇ ಉಕ್ಕಿ ಮುಖಕ್ಕೆ ಹಾರುತ್ತದೆ. ಪೂರ್ತಿ ತಣಿಸಿ, ಚಿಪ್ ಬದಲಿಸಿ, ಆಮೇಲೆ ಮತ್ತೆ ಬಿಸಿ ಮಾಡಿ.